ಹಾರುವ ತಟ್ಟೆಗಳ ಛಾಯಾಚಿತ್ರಗಳು: ಕಂಡದ್ದೆಷ್ಟು, ಕಲ್ಪಿಸಿದ್ದೆಷ್ಟು?

2022ರ ಏಪ್ರಿಲ್ 2, ಶನಿವಾರ. ಅಂದು ನಮಗೆ ಯುಗಾದಿ; ನಮ್ಮ ಮರಾಠಿ ನೆರೆಹೊರೆಯವರಿಗೆ ಗುಡಿ ಪಾಡ್ವಾ. ಬೇವು-ಬೆಲ್ಲ, ಹೋಳಿಗೆಯ ಊಟ ಎಲ್ಲವೂ ಮುಗಿದು, ಸಂಜೆ ಪಡುವಣದಲ್ಲಿ ಎಳೆಯ ಚಂದ್ರನನ್ನು ಕಾಣಲೆಂದು ಮಾಳಿಗೆ ಹತ್ತಿದವರು ಕಡಿಮೆಯೇನಿರಲಿಲ್ಲ. ಏಳೂಮುಕ್ಕಾಲರ ಸುಮಾರಿಗೆ ವಿದರ್ಭ, ಖಾನದೇಶ ಮತ್ತು ಮಧ್ಯಪ್ರದೇಶದ ಪಶ್ಚಿಮ ಜಿಲ್ಲೆಗಳ ಜನರಿಗೆ ಚಂದ್ರನಲ್ಲದೆ ಬೇರೊಂದು ದೃಶ್ಯವೂ ಕಂಡಿತು. ಕೆಂಡದ ಮಣಿಗಳನ್ನು ದಾರದಲ್ಲಿ ಪೋಣಿಸಿದಂತೆ ಹಲವು ಬೆಳಕಿನ ತುಂಡುಗಳು, ಹಿಂದೆ ಉದ್ದನೆಯ ಬಾಲಗಳನ್ನೆಳೆದುಕೊಂಡು, ಒಂದರ ಹಿಂದೊಂದು ಆಗಸದಲ್ಲಿ ನಿಧಾನವಾಗಿ ಸಾಗಿಹೋದವು. ಪುಣೆಯಲ್ಲಿ ಕುಳಿತ ನಾವು ಅದನ್ನು ನೋಡಿದ್ದು ಮೊಬೈಲಿನಲ್ಲಿ. ನಾಗಪುರದ ಬಂಧುಗಳಿಂದ, ಇಂದೂರಿನ ಮಿತ್ರರಿಂದ ಬಂದ ದೃಶ್ಯಗಳು ರಾತ್ರಿಯೂಟದ ಹೊತ್ತಿಗೆ ಮನೆಮನೆಯನ್ನೂ ತಲುಪಿದ್ದವು. ಉಲ್ಕೆ ಎಂದರು ಕೆಲವರು, ಶತ್ರುದೇಶದ ಕ್ಷಿಪಣಿ ಎಂದರು ಕೆಲವರು. ಅನ್ಯಗ್ರಹದವರು ಕೊನೆಗೂ ಬಂದರೆಂದು ಸಂತೋಷಪಟ್ಟವರೂ ಇದ್ದರು.

ಆ ರಾತ್ರಿಯೇ ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲೂಕಿನ ಲಾಡಬೋರಿ ಎಂಬ ಹಳ್ಳಿಯಲ್ಲಿ ಆಕಾಶದಿಂದ ದೊಡ್ಡದೊಂದು ಲೋಹದ ಉಂಗುರ ಬಿದ್ದಿತು. ಎತ್ತಿನ ಗಾಡಿಯ ಚಕ್ರಕ್ಕಿಂತಲೂ ಬಹಳ ದೊಡ್ಡದು. ಸುತ್ತಲಿನ ಪ್ರದೇಶದಲ್ಲಿ ಗೋಳಾಕಾರದ ತೊಟ್ಟಿಗಳೂ ದೊರೆತವು. ಪುಣ್ಯವಶಾತ್ ಯಾರಿಗೂ ಅಪಾಯವಾಗಲಿಲ್ಲ. ತಜ್ಞರ ಮೊದಲ ಊಹೆಗಳೂ ಒಂದೇ ತೆರನಾಗಿರಲಿಲ್ಲ. ಅದೇ ದಿನ ನ್ಯೂಜಿಲೆಂಡಿನಿಂದ ಉಡಾವಣೆಗೊಂಡಿದ್ದ ಎಲೆಕ್ಟ್ರಾನ್ ರಾಕೆಟ್ಟಿನ ಭಾಗವಿರಬಹುದೆಂದು ನಮ್ಮವರೇ ಕೆಲವರು ಹೇಳಿದರು. ಉಪಗ್ರಹಗಳ ಲೆಕ್ಕವಿಡುವುದರಲ್ಲಿ ಹೆಸರಾದ ಅಮೆರಿಕದ ಖಗೋಳವಿಜ್ಞಾನಿ ಜೊನಾಥನ್ ಮ್ಯಾಕ್‌ಡೊವೆಲ್ ಅವರು ಕಕ್ಷೆಯ ಲೆಕ್ಕಗಳನ್ನು ತಾಳೆ ನೋಡಿ, ಅದು 2021ರ ಫೆಬ್ರವರಿಯಲ್ಲಿ ಹಾರಿದ್ದ ಚೀನಾದ ಲಾಂಗ್ ಮಾರ್ಚ್ 3ಬಿ ರಾಕೆಟ್ಟಿನ ಮೂರನೆಯ ಹಂತವೆಂದು ತಿಳಿಸಿದರು. ಮುಂದೆ ಇಸ್ರೋದ ತಂಡವೂ ಚಂದ್ರಪುರಕ್ಕೆ ಬಂದು ಅವಶೇಷಗಳನ್ನು ಪರಿಶೀಲಿಸಿತು.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಸಂಜೆಯ ಯಾವುದೇ ಒಂದು ಚಿತ್ರವನ್ನು ಪ್ರತ್ಯೇಕವಾಗಿ ನೋಡಿದರೆ ಅದು ಏನನ್ನೂ ಸಿದ್ಧಪಡಿಸುವುದಿಲ್ಲ. ಕಪ್ಪು ಹಿನ್ನೆಲೆ, ಕೆಲವು ಹೊಳೆಯುವ ಚುಕ್ಕೆಗಳು, ಅಷ್ಟೆ. ಆದರೆ ನೂರಾರು ಮೈಲುಗಳ ಅಂತರದ ಊರುಗಳಲ್ಲಿ, ಒಂದೇ ಗಳಿಗೆಯಲ್ಲಿ, ಪರಸ್ಪರ ಪರಿಚಯವಿಲ್ಲದ ಜನರು ತೆಗೆದ ಚಿತ್ರಗಳನ್ನು ಒಟ್ಟಿಗೆ ಇಟ್ಟಾಗ ಆ ವಸ್ತುವಿನ ಪಥ ಮೂಡುತ್ತದೆ. ಅದು ಎಷ್ಟು ಹೊತ್ತು ಕಂಡಿತೆಂಬುದೂ ತಿಳಿಯುತ್ತದೆ. ಉಲ್ಕೆಗಳು ವಾತಾವರಣವನ್ನು ಹೊಕ್ಕುವ ವೇಗ ಸೆಕೆಂಡಿಗೆ 11ರಿಂದ 72 ಕಿಲೋಮೀಟರ್. ಬಹುತೇಕ ಉಲ್ಕೆಗಳು ಕಣ್ಣು ಮಿಟುಕಿಸುವುದರೊಳಗೆ ಆರಿಹೋಗುತ್ತವೆ. ಭೂಮಿಯನ್ನು ಸುತ್ತುತ್ತಿದ್ದ ರಾಕೆಟ್ಟಿನ ತುಂಡು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ವೇಗದಲ್ಲಿ, ಬಹಳ ಓರೆಯಾಗಿ ಒಳಬರುತ್ತದೆ. ಆದ್ದರಿಂದ ಅದು ಬಹಳ ಹೊತ್ತು ಉರಿಯುತ್ತದೆ, ಒಡೆಯುತ್ತದೆ, ಒಡೆದ ತುಂಡುಗಳು ಸಮಾನಾಂತರವಾಗಿ ಸಾಗುತ್ತವೆ. ಯುಗಾದಿಯ ಸಂಜೆ ಜನರು ಕಂಡದ್ದು ಇದನ್ನೇ. ಅವರ ಕಣ್ಣು ತಪ್ಪಿರಲಿಲ್ಲ. ಕಂಡದ್ದಕ್ಕೆ ಇಟ್ಟ ಹೆಸರು ತಪ್ಪಿತ್ತು.

ಹೆಸರಿನ ಮಹಿಮೆ

ಹಾರುವ ತಟ್ಟೆ ಎಂಬ ಹೆಸರೇ ಒಂದು ತಪ್ಪು ತಿಳಿವಳಿಕೆಯಿಂದ ಹುಟ್ಟಿದ್ದೆಂದರೆ ಓದುಗರಿಗೆ ಆಶ್ಚರ್ಯವಾದೀತು. 1947ರ ಜೂನ್ 24ರಂದು ಕೆನೆತ್ ಆರ್ನಾಲ್ಡ್ ಎಂಬ ಅಮೆರಿಕದ ವಿಮಾನ ಚಾಲಕರು ವಾಷಿಂಗ್ಟನ್ ರಾಜ್ಯದ ರೇನಿಯರ್ ಪರ್ವತದ ಬಳಿ ಒಂಬತ್ತು ಹೊಳೆಯುವ ವಸ್ತುಗಳು ಅತಿವೇಗದಿಂದ ಹಾರಿದ್ದನ್ನು ಕಂಡುದಾಗಿ ತಿಳಿಸಿದರು. ನೀರಿನ ಮೇಲೆ ಸಾಸರನ್ನು ಜಾರಿಸಿ ಎಸೆದರೆ ಹೇಗೆ ಪುಟಿಯುತ್ತ ಹೋಗುವುದೋ ಹಾಗೆ ಅವು ಚಲಿಸಿದವೆಂದು ಅವರು ಚಲನೆಯನ್ನು ವರ್ಣಿಸಿದ್ದರು. ಪತ್ರಿಕೆಗಳು ಆ ಹೋಲಿಕೆಯನ್ನು ಆಕಾರಕ್ಕೆ ಅನ್ವಯಿಸಿದವು. ‘ಫ್ಲೈಯಿಂಗ್ ಸಾಸರ್’ ಎಂಬ ಪದ ಜಗತ್ತನ್ನೆಲ್ಲ ಸುತ್ತಿತು. ಅಲ್ಲಿಂದ ಮುಂದೆ ಛಾಯಾಚಿತ್ರಗಳಲ್ಲಿ ಮೇಲಿಂದ ಮೇಲೆ ಕಾಣಿಸಿಕೊಂಡದ್ದೂ ಸಾಸರ್ ಆಕಾರದ ವಸ್ತುಗಳೇ! ಮಾತು ಮೊದಲು ಬಂದಿತು, ಚಿತ್ರ ಅದನ್ನು ಹಿಂಬಾಲಿಸಿತು. ಇದೊಂದೇ ಸಂಗತಿ ನಮ್ಮನ್ನು ಎಚ್ಚರಿಸಲು ಸಾಕು.

ಭಾಷೆಯ ಮಾತು ಬಂದುದರಿಂದ ಒಂದು ಸಣ್ಣ ವಿಷಯಾಂತರ. ಸಾಸರ್ ಎಂದರೆ ಕಪ್ಪಿನ ಕೆಳಗಿಡುವ ಬಸಿ. ಕನ್ನಡದಲ್ಲಿ ಅದು ಊಟದ ತಟ್ಟೆಯ ಗಾತ್ರಕ್ಕೆ ಬೆಳೆಯಿತು. ಮರಾಠಿಯಲ್ಲಿಯೂ ಚಹದ ಬಶಿ ಇದ್ದೇ ಇದೆ, ಆದರೆ ಆಕಾಶಕ್ಕೇರುವಾಗ ಅದು ‘ಉಡತೀ ತಬಕಡೀ’ ಆಯಿತು. ಪೂರ್ಣಚಂದ್ರ ತೇಜಸ್ವಿಯವರು ಈ ವಿಷಯದ ಮೇಲೆ ಬರೆದ ಪುಸ್ತಕಕ್ಕೆ ತಟ್ಟೆಯ ಗೊಡವೆಯೇ ಬೇಡವೆಂದು ‘ಫ್ಲೈಯಿಂಗ್ ಸಾಸರ್ಸ್’ ಎಂದೇ ಹೆಸರಿಟ್ಟರು. ಯು.ಎಫ್.ಓ. ಎಂಬುದರ ನಿಜವಾದ ಅರ್ಥ ‘ಗುರುತಿಸಲಾಗದ ಹಾರುವ ವಸ್ತು’. ಗುರುತಿಸಲಾಗದ್ದು ಎಂಬುದು ನಮ್ಮ ಸ್ಥಿತಿಯ ವರ್ಣನೆಯೇ ಹೊರತು ಆ ವಸ್ತುವಿನ ಗುಣವಲ್ಲ. ಬಾಗಿಲಲ್ಲಿ ನಿಂತ ವ್ಯಕ್ತಿಯ ಗುರುತು ನಮಗೆ ಹತ್ತಲಿಲ್ಲವೆಂದ ಮಾತ್ರಕ್ಕೆ ಅವನು ಪರದೇಶದವನೆಂದು ತೀರ್ಮಾನಿಸುತ್ತೇವೆಯೆ?

ಕೋಜಾಗಿರಿಯ ಹಸಿರು ಚುಕ್ಕೆ

ಶೀಗೆ ಹುಣ್ಣಿಮೆಯನ್ನು ಪುಣೆಯಲ್ಲಿ ಕೋಜಾಗಿರಿ ಎಂದು ಆಚರಿಸುವುದನ್ನು ಇಲ್ಲಿ ನೆಲೆಸಿದ ನಾವೆಲ್ಲರೂ ಬಲ್ಲೆವು. 2024ರ ಕೋಜಾಗಿರಿಯಂದು ನಮ್ಮ ವಸತಿ ಸಮುಚ್ಚಯದ ಮಾಳಿಗೆಯಲ್ಲಿ ಎಲ್ಲರೂ ಸೇರಿ ಬೆಳದಿಂಗಳಲ್ಲಿ ಕೇಸರಿ ಹಾಲು ಕುಡಿಯುತ್ತಿದ್ದಾಗ, ಒಂಬತ್ತನೆಯ ತರಗತಿಯ ಹುಡುಗನೊಬ್ಬ ತಾನು ತೆಗೆದ ಚಂದ್ರನ ಚಿತ್ರವನ್ನು ತಂದು ತೋರಿಸಿದ. ಚಿತ್ರದ ಎಡ ಮೇಲ್ಭಾಗದಲ್ಲಿ ಚಂದ್ರ. ಬಲ ಕೆಳಭಾಗದಲ್ಲಿ, ಎದುರಿನ ಕಟ್ಟಡದ ಮೇಲೆ, ಹಸಿರು ಬಣ್ಣದ ಪುಟ್ಟ ಬಿಲ್ಲೆ. ತೆಗೆಯುವಾಗ ಅದು ಕಣ್ಣಿಗೆ ಬಿದ್ದಿರಲಿಲ್ಲ, ಆಮೇಲೆ ನೋಡಿದಾಗ ಚಿತ್ರದಲ್ಲಿತ್ತು. ಹುಡುಗನ ಕೈ ನಡುಗುತ್ತಿತ್ತು. ಹಾಲಿನ ಲೋಟಗಳನ್ನು ಬದಿಗಿಟ್ಟು ಹಿರಿಯರೂ ಸುತ್ತ ನೆರೆದರು. ಆ ಹೊತ್ತಿಗೆ ಅವನ ಚಿತ್ರ ನಾಲ್ಕಾರು ಗುಂಪುಗಳಿಗೆ ಹೋಗಿಯೂ ಆಗಿತ್ತು.

ಅವನ ಮೊಬೈಲನ್ನೇ ಪಡೆದು ಇನ್ನೆರಡು ಚಿತ್ರ ತೆಗೆದೆವು. ಮೊದಲನೆಯದರಲ್ಲಿ ಚಂದ್ರನು ಬಲ ಮೇಲ್ಭಾಗಕ್ಕೆ ಬರುವಂತೆ ಮೊಬೈಲನ್ನು ತಿರುಗಿಸಿದೆವು. ಹಸಿರು ಬಿಲ್ಲೆ ಎಡ ಕೆಳಭಾಗಕ್ಕೆ ಬಂದಿತು. ಎರಡನೆಯದರಲ್ಲಿ ಚಂದ್ರನನ್ನು ನಟ್ಟನಡುವೆ ಇರಿಸಿದೆವು. ಬಿಲ್ಲೆ ಮಾಯವಾಗಿ ಚಂದ್ರನಲ್ಲಿಯೇ ಲೀನವಾಯಿತು. ಕ್ಯಾಮೆರಾದ ಮಸೂರವೆಂದರೆ ಒಂದೇ ಗಾಜಲ್ಲ. ಒಂದರ ಹಿಂದೊಂದು ಜೋಡಿಸಿದ ಹಲವು ಮಸೂರಗಳ ಸಾಲು. ಪ್ರಖರವಾದ ಬೆಳಕು ಒಳಹೊಕ್ಕಾಗ ಅದರಲ್ಲಿ ಅಲ್ಪಭಾಗ ಈ ಮಸೂರಗಳ ನಡುವೆ, ಸಂವೇದಕದ ಮೇಲ್ಮೈಯಲ್ಲಿ ಹಿಂದಕ್ಕೂ ಮುಂದಕ್ಕೂ ಪ್ರತಿಫಲಿಸಿ ಇನ್ನೊಂದು ಮಸುಕು ಬಿಂಬವನ್ನು ಮೂಡಿಸುತ್ತದೆ. ಈ ಭೂತಬಿಂಬ ಸಾಮಾನ್ಯವಾಗಿ ಚಿತ್ರದ ಮಧ್ಯಬಿಂದುವಿನ ಆಚೆಗೆ, ಮೂಲ ಬೆಳಕಿನ ನೇರ ಎದುರಿನಲ್ಲಿ, ಅಷ್ಟೇ ದೂರದಲ್ಲಿ ಕುಳಿತಿರುತ್ತದೆ. ಮಸೂರದ ಮೇಲಿನ ಲೇಪನದಿಂದಾಗಿ ಹಲವು ಬಾರಿ ಅದಕ್ಕೆ ಹಸಿರು ಬಣ್ಣ. ಚಿತ್ರದ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದು ಮಧ್ಯವನ್ನು ಕಂಡುಕೊಂಡರೆ ಯಾರಾದರೂ ಪರೀಕ್ಷಿಸಬಹುದು. ನಾನು ನೋಡಿದ ‘ಹಾರುವ ತಟ್ಟೆ’ಯ ಮೊಬೈಲ್ ಚಿತ್ರಗಳಲ್ಲಿ ಹೆಚ್ಚಿನವು ಈ ಒಂದು ಪರೀಕ್ಷೆಯಲ್ಲಿಯೇ ಮುಗಿದುಹೋಗಿವೆ.

ಮಿಕ್ಕವುಗಳಲ್ಲಿ ಬಹಳಷ್ಟು ಕಿಟಕಿಯ ಗಾಜಿನಲ್ಲಿ ಪ್ರತಿಫಲಿಸಿದ ಮನೆಯೊಳಗಿನ ದೀಪಗಳು. ಇನ್ನು ಕೆಲವು ಲೋಹಗಾಂವ್ ನಿಲ್ದಾಣಕ್ಕೆ ಇಳಿಯುತ್ತಿರುವ ವಿಮಾನಗಳು. ನೇರ ನಮ್ಮತ್ತ ಮುಖಮಾಡಿ ಬರುವ ವಿಮಾನದ ದೀಪ ಹಲವು ನಿಮಿಷ ನಿಂತಲ್ಲೇ ನಿಂತಂತೆ ಕಂಡು, ತಿರುವು ಪಡೆದೊಡನೆ ಥಟ್ಟನೆ ಮರೆಯಾಗುತ್ತದೆ. 2019ರ ಮೇ ತಿಂಗಳಿಂದ ಸ್ಟಾರ್‌ಲಿಂಕ್ ಉಪಗ್ರಹಗಳ ಸಾಲುಗಳೂ ಇದಕ್ಕೆ ಸೇರಿಕೊಂಡಿವೆ. ಉಡಾವಣೆಯಾದ ಮೊದಲ ಕೆಲವು ದಿನ ಅವು ರೈಲಿನ ಡಬ್ಬಿಗಳಂತೆ ಒಂದೇ ಗೆರೆಯಲ್ಲಿ ಸಾಗುವುದನ್ನು ನಮ್ಮ ದೇಶದ ಹಲವೆಡೆ ಜನ ಕಂಡು ಗಾಬರಿಗೊಂಡದ್ದುಂಟು. 2022ರ ಡಿಸೆಂಬರ್ 15ರ ಸಂಜೆ ಕೋಲ್ಕತ್ತದ ಆಗಸದಲ್ಲಿ ಕಂಡ ಬೆಳಕಿನ ಪಟ್ಟೆಯಂತೂ ನಮ್ಮದೇ ಅಗ್ನಿ-5 ಕ್ಷಿಪಣಿಯ ಪರೀಕ್ಷೆಯಾಗಿತ್ತು.

ಶುಕ್ರನ ಕೀಟಲೆ

ಇವೆಲ್ಲಕ್ಕಿಂತ ದೊಡ್ಡ ಮೋಸಗಾರನೆಂದರೆ ಶುಕ್ರ. 2007ರ ಅಕ್ಟೋಬರ್ 29ರ ಬೆಳಗಿನ ಜಾವ ಪೂರ್ವ ಕೋಲ್ಕತ್ತದಲ್ಲಿ ಹೊಳೆಯುವ ವಸ್ತುವೊಂದನ್ನು ಹ್ಯಾಂಡಿಕ್ಯಾಮಿನಲ್ಲಿ ಸೆರೆಹಿಡಿಯಲಾಯಿತು. ಅದು ಗೋಲದಿಂದ ತ್ರಿಕೋನಕ್ಕೆ, ತ್ರಿಕೋನದಿಂದ ಗೆರೆಗೆ ರೂಪ ಬದಲಿಸುತ್ತ, ಬಣ್ಣಗಳನ್ನು ಚೆಲ್ಲುತ್ತಿತ್ತು. ಬೈಪಾಸ್ ರಸ್ತೆಯಲ್ಲಿ ನೂರಾರು ಜನ ಸೇರಿದರು, ದೂರದರ್ಶನ ವಾಹಿನಿಗಳು ದೃಶ್ಯವನ್ನು ಬಿತ್ತರಿಸಿದವು, ಬಿರ್ಲಾ ತಾರಾಲಯದವರನ್ನು ವಿಚಾರಿಸಲಾಯಿತು. ಕೊನೆಗೆ ಅದು ಶುಕ್ರಗ್ರಹವೆಂದು ತಿಳಿಯಿತು. ಸರಿಯಾಗಿ ಅದರ ಹಿಂದಿನ ದಿನ ಶುಕ್ರನು ಬೆಳಗಿನ ಆಗಸದಲ್ಲಿ ಸೂರ್ಯನಿಂದ ಅತ್ಯಂತ ದೂರದ ಸ್ಥಾನವನ್ನು ತಲುಪಿದ್ದನು. ಹಾಗಾದರೆ ರೂಪ ಬದಲಾದದ್ದು ಹೇಗೆ? ಬೆಳಕಿನ ಚುಕ್ಕೆಯೊಂದರ ಮೇಲೆ ಸ್ವಯಂಚಾಲಿತ ಕ್ಯಾಮೆರಾ ತನ್ನ ನೋಟವನ್ನು ಕೇಂದ್ರೀಕರಿಸಲಾರದೆ ಒದ್ದಾಡುತ್ತದೆ. ನೋಟ ತಪ್ಪಿದಾಗ ಚುಕ್ಕೆ ಹಿಗ್ಗಿ ಬಿಲ್ಲೆಯಾಗುತ್ತದೆ, ಮತ್ತು ಆ ಬಿಲ್ಲೆ ಕ್ಯಾಮೆರಾದೊಳಗಿನ ಬೆಳಕಿನ ಕಿಂಡಿಯ ಆಕಾರವನ್ನು ತಾಳುತ್ತದೆ. ಕೈ ಅಲುಗಿದರೆ ಗೆರೆಯಾಗುತ್ತದೆ. ಅಂದರೆ ವೀಕ್ಷಕರು ಪರದೆಯ ಮೇಲೆ ಕಂಡದ್ದು ಆಕಾಶನೌಕೆಯ ರೂಪವನ್ನಲ್ಲ, ತಮ್ಮ ಕ್ಯಾಮೆರಾದ ಒಡಲನ್ನು.

ಕೋಲ್ಕತ್ತದ ನಾಗರಿಕರನ್ನು ನೋಡಿ ನಗುವ ಅಗತ್ಯವಿಲ್ಲ. 2012ರ ಆಗಸ್ಟಿನಿಂದ 2013ರ ಫೆಬ್ರವರಿಯವರೆಗೆ ಲಡಾಖಿನ ಗಡಿಯಲ್ಲಿ ನಮ್ಮ ಸೈನಿಕರು 329 ಬಾರಿ ಅಪರಿಚಿತ ಬೆಳಕುಗಳನ್ನು ಕಂಡು ದಾಖಲಿಸಿದರು. ಅವು ಚೀನಾದ ಬೇಹುಗಾರಿಕೆಯ ಡ್ರೋನ್‌ಗಳೆಂಬ ಸಂದೇಹ; ಅವುಗಳಲ್ಲಿ 155 ಬಾರಿ ಗಡಿರೇಖೆಯನ್ನು ದಾಟಿ ಬಂದವೆಂಬ ಲೆಕ್ಕ. ವಿಷಯ ಬೆಂಗಳೂರಿನ ಕೋರಮಂಗಲದ ಭಾರತೀಯ ಖಗೋಳಭೌತ ಸಂಸ್ಥೆಗೆ ಬಂದಿತು. ಲಡಾಖಿನ ಹಾನ್ಲೆಯಲ್ಲಿ ವೀಕ್ಷಣಾಲಯವನ್ನು ನಡೆಸುವ ಈ ಸಂಸ್ಥೆಯ ವಿಜ್ಞಾನಿಗಳು ಆ ಬೆಳಕುಗಳು ಕಂಡ ಸಮಯವನ್ನೂ ದಿಕ್ಕನ್ನೂ ನಕ್ಷತ್ರಗಳಿಗೆ ಹೋಲಿಸಿ, ಒಂದು ಗುರು, ಇನ್ನೊಂದು ಶುಕ್ರ ಎಂದು ತೋರಿಸಿಕೊಟ್ಟರು. ತೆಳುವಾದ ಗಾಳಿಯ ಆ ಎತ್ತರದಲ್ಲಿ ಗ್ರಹಗಳು ನಾವು ಊಹಿಸಲಾರದಷ್ಟು ಪ್ರಖರವಾಗಿರುತ್ತವೆ. ಶಸ್ತ್ರಸಜ್ಜಿತವಾದ ಎರಡು ಸೇನೆಗಳು ಎದುರುಬದುರು ನಿಂತಿರುವ ಸ್ಥಳದಲ್ಲಿ ಶುಕ್ರಗ್ರಹವನ್ನು ಶತ್ರುವೆಂದು ಎಣಿಸುವುದು ತಮಾಷೆಯ ಮಾತಲ್ಲ. ಸೈನಿಕರು ಮಾಡಿದ ಒಳ್ಳೆಯ ಕೆಲಸವೆಂದರೆ ಗಂಟೆ, ದಿಕ್ಕುಗಳನ್ನು ಶಿಸ್ತಿನಿಂದ ಬರೆದಿಟ್ಟದ್ದು. ಆ ದಾಖಲೆಯಿಲ್ಲದಿದ್ದರೆ ಬೆಂಗಳೂರಿನ ವಿಜ್ಞಾನಿಗಳೂ ಏನೂ ಮಾಡಲಾಗುತ್ತಿರಲಿಲ್ಲ.

ಒಂದೇ ಚಿತ್ರದಿಂದ ದೂರವನ್ನು ಅಳೆಯಲಾಗದು ಎಂಬುದು ಈ ಎಲ್ಲ ಗೊಂದಲಗಳ ಮೂಲ. ಎರಡು ಮೀಟರಿಗಿಂತ ತುಸು ಆಚೆಗೆ ಹಿಡಿದ ಒಂದು ರೂಪಾಯಿಯ ನಾಣ್ಯ 3,474 ಕಿಲೋಮೀಟರ್ ವ್ಯಾಸದ ಚಂದ್ರನನ್ನು ಮುಚ್ಚಿಬಿಡುತ್ತದೆ. ದೂರ ತಿಳಿಯದಿದ್ದರೆ ಗಾತ್ರ ತಿಳಿಯದು; ಗಾತ್ರ, ದೂರಗಳೆರಡೂ ತಿಳಿಯದಿದ್ದರೆ ವೇಗವೂ ತಿಳಿಯದು. ಆದರೂ ವರದಿಗಳಲ್ಲಿ ‘ಮೂವತ್ತು ಅಡಿ ಅಗಲ, ಗಂಟೆಗೆ ಸಾವಿರಾರು ಮೈಲು ವೇಗ’ ಎಂಬ ಮಾತುಗಳು ಧಾರಾಳವಾಗಿರುತ್ತವೆ. ಅಮೆರಿಕದ ರಕ್ಷಣಾ ಇಲಾಖೆ 2020ರ ಏಪ್ರಿಲ್‌ನಲ್ಲಿ ಅಧಿಕೃತವಾಗಿ ಬಿಡುಗಡೆ ಮಾಡಿದ ಮೂರು ದೃಶ್ಯಗಳಲ್ಲಿ ಒಂದರ ಹೆಸರೇ ‘ಗೋ ಫಾಸ್ಟ್’. ಸಮುದ್ರದ ಮೇಲೆ ಏನೋ ಒಂದು ಬಾಣದಂತೆ ಸಾಗುವ ದೃಶ್ಯವದು. ಪರದೆಯ ಮೇಲೆಯೇ ಇದ್ದ ಕೋನ, ಎತ್ತರಗಳ ಅಂಕಿಗಳನ್ನು ಬಳಸಿ ನಾಸಾದ ತಜ್ಞರ ಸಮಿತಿ 2023ರ ಸೆಪ್ಟೆಂಬರ್ ವರದಿಯಲ್ಲಿ ಲೆಕ್ಕ ಹಾಕಿದಾಗ, ಆ ವಸ್ತು ಸುಮಾರು 13,000 ಅಡಿ ಎತ್ತರದಲ್ಲಿ ಗಂಟೆಗೆ ಸುಮಾರು 40 ಮೈಲು ವೇಗದಲ್ಲಿ ಸಾಗುತ್ತಿತ್ತೆಂದು ತಿಳಿದುಬಂತು. ಗಾಳಿಯಲ್ಲಿ ತೇಲುವ ವಸ್ತುವಿಗೂ ಆ ವೇಗ ಸಾಧ್ಯ. ಓಡುತ್ತಿದ್ದದ್ದು ಮುಖ್ಯವಾಗಿ ಚಿತ್ರ ತೆಗೆದ ವಿಮಾನ. ಮುಂಬಯಿಗೆ ಹೋಗುವ ಡೆಕ್ಕನ್ ಕ್ವೀನ್ ರೈಲಿನ ಕಿಟಕಿಯಿಂದ ನೋಡಿದಾಗ ಹತ್ತಿರದ ಕಂಬಗಳು ಹಿಂದಕ್ಕೆ ಧಾವಿಸುವುದೂ ಇದೇ ಕಾರಣದಿಂದ.

ಬೇಕೆಂದೇ ಮಾಡಿದ ವಂಚನೆಗಳ ಕಥೆ ಬೇರೆ. ಒಂದನ್ನು ಮಾತ್ರ ಹೇಳುತ್ತೇನೆ. 1990ರಲ್ಲಿ ಬೆಲ್ಜಿಯಂನ ಪೆತಿ-ರೆಷೆಂ ಎಂಬಲ್ಲಿ ತೆಗೆದದ್ದೆನ್ನಲಾದ, ಮೂಲೆಗಳಲ್ಲಿ ದೀಪಗಳಿದ್ದ ಕಪ್ಪು ತ್ರಿಕೋನದ ಚಿತ್ರ ಎರಡು ದಶಕಗಳ ಕಾಲ ಅತ್ಯುತ್ತಮ ಸಾಕ್ಷ್ಯವೆಂದು ಹೆಸರಾಗಿತ್ತು. ಪರಿಣತರು ಅದನ್ನು ಮತ್ತೆ ಮತ್ತೆ ಪರೀಕ್ಷಿಸಿದರು, ಪುಸ್ತಕಗಳ ಹೊದಿಕೆಯ ಮೇಲೂ ಅದು ರಾರಾಜಿಸಿತು. 2011ರಲ್ಲಿ ಅದನ್ನು ತೆಗೆದವರೇ ಮುಂದೆ ಬಂದು, ಅದು ಬಣ್ಣ ಬಳಿದ ಥರ್ಮೋಕೋಲಿನ ತುಂಡಿಗೆ ದೀಪ ಸಿಕ್ಕಿಸಿ ತೂಗುಹಾಕಿದ್ದೆಂದು ಒಪ್ಪಿಕೊಂಡರು. ಗಣೇಶೋತ್ಸವದ ಮಖರಕ್ಕೆ ಥರ್ಮೋಕೋಲು ಕತ್ತರಿಸಿದ ಅನುಭವವಿರುವ ಪುಣೆಯ ಯಾವ ಬಾಲಕನೂ ಮಾಡಬಹುದಾಗಿದ್ದ ಕೆಲಸ! ಇಂದಂತೂ ಥರ್ಮೋಕೋಲೂ ಬೇಕಿಲ್ಲ, ಕ್ಯಾಮೆರಾವೂ ಬೇಕಿಲ್ಲ. ನಾಲ್ಕು ಪದ ಬರೆದರೆ ಯಂತ್ರವೇ ಚಿತ್ರವನ್ನು ರಚಿಸಿಕೊಡುತ್ತದೆ.

ಬಗೆಹರಿಯದೆ ಉಳಿದವು

ಎಲ್ಲವೂ ಬಗೆಹರಿದಿದೆಯೆಂದು ಹೇಳಿದರೆ ಅದು ಅಪ್ರಾಮಾಣಿಕವಾದೀತು. ಅಮೆರಿಕದ ವಾಯುಪಡೆಯ ‘ಬ್ಲೂ ಬುಕ್’ ಯೋಜನೆ 1969ರಲ್ಲಿ ಮುಕ್ತಾಯವಾದಾಗ ಒಟ್ಟು 12,618 ವರದಿಗಳಲ್ಲಿ 701 ಗುರುತಿಸಲಾಗದೆ ಉಳಿದಿದ್ದವು. 2021ರ ಜೂನ್‌ನಲ್ಲಿ ಅಲ್ಲಿಯ ಗುಪ್ತಚರ ವಿಭಾಗ ಪರಿಶೀಲಿಸಿದ 144 ವರದಿಗಳಲ್ಲಿ ಖಚಿತವಾಗಿ ಗುರುತಿಸಲಾದದ್ದು ಒಂದನ್ನು ಮಾತ್ರ. ಅದು ಗಾಳಿ ಇಳಿಯುತ್ತಿದ್ದ ದೊಡ್ಡ ಬಲೂನು. ಉಳಿದವು ಅನ್ಯಗ್ರಹದವೆಂದು ಇದರ ಅರ್ಥವಲ್ಲ. ತೀರ್ಮಾನಿಸುವಷ್ಟು ಮಾಹಿತಿಯಿರಲಿಲ್ಲವೆಂದು ಅರ್ಥ. ನಮ್ಮಲ್ಲಿಯೂ ಅಂಥವಿವೆ. 2004ರ ಸೆಪ್ಟೆಂಬರ್ 27ರಂದು ಹಿಮಾಚಲದ ಲಾಹೌಲ್ ಕಣಿವೆಯ ಸಮುದ್ರ ಟಾಪು ಹಿಮನದಿಯ ಬಳಿ, ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದ ವಿಜ್ಞಾನಿಗಳ ತಂಡವೇ ಇಳಿಜಾರಿನಲ್ಲಿ ಚಲಿಸುತ್ತಿದ್ದ ಬಿಳಿಯ ವಸ್ತುವೊಂದರ ಚಿತ್ರಗಳನ್ನು ತೆಗೆಯಿತು. 2014ರ ಅಕ್ಟೋಬರ್‌ನಲ್ಲಿ ನಮ್ಮ ಪುಣೆಯಿಂದ ಅಹಮದಾಬಾದಿಗೆ ಹೊರಟ ಪ್ರಯಾಣಿಕ ವಿಮಾನದ ಚಾಲಕಿಯೊಬ್ಬರು ಹಸಿರು-ಬಿಳಿ ಬಣ್ಣದ ಅಪರಿಚಿತ ವಸ್ತುವನ್ನು ಕಂಡುದಾಗಿ ತಿಳಿಸಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ನೋಡಿದವರು ಸುಳ್ಳು ಹೇಳಿದರೆನ್ನಲು ಯಾವ ಆಧಾರವೂ ಇಲ್ಲ. ಚಾಲಕಿಯ ವಿಷಯದಲ್ಲಿ ನಮ್ಮ ಮುಂದಿರುವುದು ಮಾತು ಮಾತ್ರ. ಹಿಮನದಿಯ ವಿಷಯದಲ್ಲಿ ಒಂದೇ ಸ್ಥಳದಿಂದ ತೆಗೆದ ಚಿತ್ರಗಳು. ಅವುಗಳನ್ನು ‘ತಿಳಿಯದು’ ಎಂಬ ಕಡತದಲ್ಲಿ ಗೌರವದಿಂದ ಇಡುವುದೇ ಸರಿ.

ಸರಕಾರಗಳ ಗೋಪ್ಯತೆಯೂ ಈ ನಂಬಿಕೆಗೆ ನೀರೆರೆದಿದೆ ಎಂಬುದನ್ನು ಮರೆಯಲಾಗದು. 1947ರ ಜುಲೈಯಲ್ಲಿ ಅಮೆರಿಕದ ರಾಸ್‌ವೆಲ್ ಬಳಿ ದೊರೆತ ಅವಶೇಷಗಳನ್ನು ಸೇನೆ ಮೊದಲು ಹಾರುವ ತಟ್ಟೆಯೆಂದಿತು, ಆಮೇಲೆ ಹವಾಮಾನದ ಬಲೂನು ಎಂದಿತು. ಸೋವಿಯತ್ ಅಣುಪರೀಕ್ಷೆಗಳ ಸದ್ದನ್ನು ಆಲಿಸಲು ಗುಟ್ಟಾಗಿ ಹಾರಿಸಿದ ‘ಮೊಗುಲ್’ ಬಲೂನುಗಳ ಸಾಲು ಅದೆಂದು ವಾಯುಪಡೆ ಹೇಳಿದ್ದು 1994ರಲ್ಲಿ. ನಲವತ್ತೇಳು ವರ್ಷ ತಡವಾಗಿ ಬಂದ ಸತ್ಯವನ್ನು ಜನ ನಂಬದಿದ್ದರೆ ಅದು ಜನರ ತಪ್ಪೊಂದೇ ಅಲ್ಲ.

ಬಲೂನಿನ ಇನ್ನೊಂದು ಕಥೆ

ಬಲೂನಿನ ಮಾತು ನಮ್ಮನ್ನು ಮರಳಿ ಮನೆಗೆ ತರುತ್ತದೆ. 2025ರ ಜನವರಿಯಲ್ಲಿ ಬೀದರ್ ಜಿಲ್ಲೆಯ ಹುಮನಾಬಾದ್ ತಾಲೂಕಿನ ಜಲಸಂಗಿ ಗ್ರಾಮದಲ್ಲಿ ಮನೆಯೊಂದರ ಮೇಲೆ ದೈತ್ಯಾಕಾರದ ಬಲೂನು, ಅದರೊಡನೆ ಯಂತ್ರವೊಂದು ಬಂದಿಳಿದು ಊರೇ ಬೆಚ್ಚಿಬಿದ್ದಿತು. ಅದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಹೈದರಾಬಾದಿನಿಂದ ಹಾರಿಸಿದ ಸಂಶೋಧನಾ ಬಲೂನು. ತೆಳುವಾದ ಪ್ಲಾಸ್ಟಿಕ್ ಹಾಳೆಯ ಈ ಬಲೂನುಗಳು 30-40 ಕಿಲೋಮೀಟರ್ ಎತ್ತರಕ್ಕೇರುತ್ತವೆ. ಕೆಳಗೆ ನಮಗೆ ಕತ್ತಲಾಗಿದ್ದರೂ ಅಷ್ಟೆತ್ತರದಲ್ಲಿ ಇನ್ನೂ ಬಿಸಿಲಿರುತ್ತದೆ. ಆಗ ಬಲೂನು ಬೆಳ್ಳಿಯ ಬಿಲ್ಲೆಯಂತೆ ಹೊಳೆಯುತ್ತದೆ. ಹಾರುವ ತಟ್ಟೆಗೆ ಇದಕ್ಕಿಂತ ಉತ್ತಮ ಅಭ್ಯರ್ಥಿ ಬೇರೆ ಬೇಕೆ? ಅವುಗಳ ಉಪಕರಣಗಳು ಗಾಳಿಕೊಡೆಯ ಸಹಾಯದಿಂದ ತೆಲಂಗಾಣ, ಕರ್ನಾಟಕ, ಮಹಾರಾಷ್ಟ್ರಗಳ ಗಡಿನಾಡಿನಲ್ಲಿ ಎಲ್ಲಾದರೂ ಇಳಿಯಬಹುದು.

ಆದರೆ ಇದೇ ಬಲೂನು ಕೇಂದ್ರದಿಂದ ಪುಣೆಯ ವಿಜ್ಞಾನಿಗಳು ನಿಜವಾಗಿಯೂ ಅನ್ಯಲೋಕದ ಜೀವಿಗಳನ್ನು ಹುಡುಕಲು ಹೊರಟಿದ್ದರೆಂಬುದು ಎಷ್ಟು ಜನರಿಗೆ ನೆನಪಿದೆಯೋ ತಿಳಿಯದು. ಗಣೇಶಖಿಂಡದ ಆಯುಕಾ ಸಂಸ್ಥೆಯ ಸ್ಥಾಪಕ ನಿರ್ದೇಶಕರಾಗಿದ್ದ ಜಯಂತ ನಾರ್ಳೀಕರರು ಆ ಪ್ರಯೋಗದ ಮುಖ್ಯ ಸಂಶೋಧಕರು. ಜೀವದ ಬೀಜಗಳು ಧೂಮಕೇತುಗಳ ಮೂಲಕ ಅಂತರಿಕ್ಷದಿಂದ ಭೂಮಿಗೆ ಇಳಿಯುತ್ತಿರಬಹುದೆಂಬುದು ಅವರ ಗುರು ಫ್ರೆಡ್ ಹಾಯ್ಲ್ ಅವರ ವಾದ. ಇಳಿಯುತ್ತಿದ್ದರೆ, ನೆಲದ ಧೂಳು ಸುಲಭವಾಗಿ ತಲುಪಲಾರದ ಎತ್ತರದ ಗಾಳಿಯಲ್ಲಿ ಅವು ಸಿಗಬೇಕು. 2001ರ ಜನವರಿಯಲ್ಲಿ ಒಂದು ಬಲೂನು ಹಾರಿತು. 2005ರ ಏಪ್ರಿಲ್‌ನಲ್ಲಿ ಮತ್ತೊಂದು. ಈ ಕಾರ್ಯಕ್ಕೆ ಮಾರ್ಗದರ್ಶಕರಾಗಿದ್ದವರಲ್ಲಿ ಉಡುಪಿಯ ಬಳಿಯ ಅದಮಾರಿನಲ್ಲಿ ಜನಿಸಿದ ನಮ್ಮ ಯು.ಆರ್. ರಾವ್ ಅವರೂ ಒಬ್ಬರು.

ಎರಡನೆಯ ಪ್ರಯೋಗದ ವಿವರಗಳನ್ನು ಗಮನಿಸಿ. ಒಟ್ಟು 459 ಕಿಲೋಗ್ರಾಂ ಉಪಕರಣ. ಅದರಲ್ಲಿ ಗಾಳಿಯನ್ನು ಸಂಪೂರ್ಣ ಹೊರತೆಗೆದು ಕ್ರಿಮಿಶುದ್ಧಗೊಳಿಸಿದ 16 ಉಕ್ಕಿನ ಕೊಳವೆಗಳು, ದ್ರವ ನಿಯಾನಿನಲ್ಲಿ ಮುಳುಗಿದ್ದವು. 20ರಿಂದ 41 ಕಿಲೋಮೀಟರ್‌ವರೆಗಿನ ಬೇರೆ ಬೇರೆ ಎತ್ತರಗಳಲ್ಲಿ ಅವು ಗಾಳಿಯನ್ನು ಸೆರೆಹಿಡಿದು ಇಳಿದವು. ಮಾದರಿಗಳನ್ನು ಒಂದೇ ಪ್ರಯೋಗಾಲಯಕ್ಕೆ ಒಪ್ಪಿಸಲಿಲ್ಲ. ಹೈದರಾಬಾದಿನ ಕೋಶೀಯ ಮತ್ತು ಆಣವಿಕ ಜೀವವಿಜ್ಞಾನ ಕೇಂದ್ರವೂ ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರವೂ ಒಂದೇ ವಿಧಾನವನ್ನು ಅನುಸರಿಸಿ, ಪ್ರತ್ಯೇಕವಾಗಿ ಪರೀಕ್ಷಿಸಿದವು. 12 ಬ್ಯಾಕ್ಟೀರಿಯಾ, 6 ಶಿಲೀಂಧ್ರ ಸಮೂಹಗಳು ದೊರೆತವು. ಅವುಗಳಲ್ಲಿ ಮೂರು ಬ್ಯಾಕ್ಟೀರಿಯಾಗಳು ಅಲ್ಲಿಯವರೆಗೆ ಯಾರೂ ಅರಿಯದ ಹೊಸ ಪ್ರಭೇದಗಳು, ಮತ್ತು ನೇರಳಾತೀತ ಕಿರಣಗಳನ್ನು ತಮ್ಮ ಸಮೀಪದ ಬಂಧುಗಳಿಗಿಂತ ಹೆಚ್ಚು ತಡೆದುಕೊಳ್ಳಬಲ್ಲವು. ಒಂದಕ್ಕೆ ಹಾಯ್ಲ್ ಅವರ, ಇನ್ನೊಂದಕ್ಕೆ ಇಸ್ರೋದ, ಮೂರನೆಯದಕ್ಕೆ ಆರ್ಯಭಟನ ಹೆಸರನ್ನಿಡಲಾಯಿತು.

ನಲವತ್ತು ಕಿಲೋಮೀಟರ್ ಎತ್ತರದ ಗಾಳಿ, ಹೊಸ ಪ್ರಭೇದ, ಕಿರಣಗಳಿಗೆ ಜಗ್ಗದ ಮೈಕಟ್ಟು: ‘ಅನ್ಯಲೋಕದ ಜೀವಿ ಪತ್ತೆ’ ಎಂದು ಸಾರಲು ಇಷ್ಟು ಸಾಲದೆ? ಪೆತಿ-ರೆಷೆಂನ ಥರ್ಮೋಕೋಲಿಗಿಂತ ಇದು ಲಕ್ಷಪಾಲು ಗಟ್ಟಿಯಾದ ಆಧಾರ. ಆದರೂ 2009ರ ಮಾರ್ಚ್‌ನಲ್ಲಿ ಇಸ್ರೋ ಹೊರಡಿಸಿದ ಪ್ರಕಟಣೆ, ಈ ಜೀವಿಗಳ ಮೂಲ ಭೂಮಿಯ ಹೊರಗಿನದೆಂದು ಈ ಅಧ್ಯಯನ ನಿರ್ಣಾಯಕವಾಗಿ ಸ್ಥಾಪಿಸುವುದಿಲ್ಲವೆಂದು, ಆದರೆ ಹುಡುಕಾಟವನ್ನು ಮುಂದುವರಿಸಲು ಉತ್ತೇಜನ ನೀಡುತ್ತದೆಂದು ಸ್ಪಷ್ಟವಾಗಿ ತಿಳಿಸಿತು. ಭೂಮಿಯ ಜೀವಿಗಳೇ ಹೇಗೋ ಅಷ್ಟೆತ್ತರಕ್ಕೆ ಏರಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗಿರಲಿಲ್ಲ. ನಾರ್ಳೀಕರರು ತಮ್ಮ ಗುರುವಿನ ವಾದ ನಿಜವಾಗಲೆಂದು ಮನಸಾರೆ ಬಯಸಿದ್ದವರು; ಆದರೂ ಸಾಕ್ಷ್ಯ ನಿಂತಲ್ಲಿ ತೀರ್ಮಾನವೂ ನಿಂತಿತು. 2025ರ ಮೇ 20ರಂದು ಪುಣೆಯಲ್ಲಿಯೇ ಅವರು ನಮ್ಮನ್ನಗಲಿದಾಗ, ಅವರ ವಿಶ್ವರಚನೆಯ ಸಿದ್ಧಾಂತವನ್ನೂ ಮರಾಠಿ ವಿಜ್ಞಾನಕಥೆಗಳನ್ನೂ ಎಲ್ಲರೂ ಸ್ಮರಿಸಿದರು. ನನಗೆ ನೆನಪಾದದ್ದು ಆ ಹದಿನಾರು ಕೊಳವೆಗಳು.

ಆಕಾಶದಲ್ಲಿ ವಿಚಿತ್ರವಾದದ್ದೇನಾದರೂ ಕಂಡರೆ ಓದುಗರು ಮಾಡಬಹುದಾದದ್ದು ಹೆಚ್ಚೇನಿಲ್ಲ. ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ. ಕಟ್ಟಡವೋ ಮರವೋ ಚಿತ್ರದಲ್ಲಿ ಸೇರಿರಲಿ, ದಿಕ್ಕನ್ನೂ ಎತ್ತರವನ್ನೂ ಆಮೇಲೆ ಅಳೆಯಬಹುದು. ಹಿಗ್ಗಿಸಿ ತೆಗೆಯುವ ಆಸೆಯನ್ನು ತಡೆಯಿರಿ; ಮೊಬೈಲನ್ನು ಗೋಡೆಗೆ ಒರಗಿಸಿ, ಕಿಟಕಿಯ ಗಾಜನ್ನು ಸರಿಸಿ. ಮೂಲ ಚಿತ್ರವನ್ನು ಹಾಗೆಯೇ ಉಳಿಸಿಕೊಳ್ಳಿ, ಏಕೆಂದರೆ ಗುಂಪುಗಳಿಗೆ ಕಳುಹಿಸುವಾಗ ಅದರೊಳಗಿನ ಮಾಹಿತಿ ಬಹುತೇಕ ಅಳಿಸಿಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ದೂರದ ಬಡಾವಣೆಯಲ್ಲಿರುವ ಪರಿಚಿತರಿಗೆ ಕೂಡಲೇ ಫೋನ್ ಮಾಡಿ, ಅವರಿಂದಲೂ ಒಂದು ಚಿತ್ರ ತೆಗೆಸಿ. ವಸ್ತುವು ಶಿವಾಜಿನಗರದ ಮೇಲಿದ್ದರೆ ಸಿಂಹಗಡ ರಸ್ತೆಯವರಿಗೆ ಅದು ಈಶಾನ್ಯದಲ್ಲಿ, ವಾಕಡದವರಿಗೆ ಆಗ್ನೇಯದಲ್ಲಿ ಕಾಣಬೇಕು. ಇಬ್ಬರಿಗೂ ಒಂದೇ ದಿಕ್ಕಿನಲ್ಲಿ, ಒಂದೇ ಎತ್ತರದಲ್ಲಿ ಕಂಡರೆ ಅದು ಪುಣೆಯ ಮೇಲಿಲ್ಲ, ಬಹಳ ದೂರದಲ್ಲಿದೆ. ಆ ಮೇಲೂ ಬಗೆಹರಿಯದಿದ್ದರೆ ಟಿಳಕ ರಸ್ತೆಯ ಟಿಳಕ ಸ್ಮಾರಕ ಮಂದಿರದಲ್ಲಿ ಜ್ಯೋತಿರ್ವಿದ್ಯಾ ಪರಿಸಂಸ್ಥೆಯಿದೆ. 1944ರಲ್ಲಿ ಸ್ಥಾಪನೆಯಾದ, ದೇಶದ ಅತ್ಯಂತ ಹಳೆಯ ಹವ್ಯಾಸಿ ಖಗೋಳ ಸಂಘ ಅದು. ಆಕಾಶದಿಂದ ಬಿದ್ದ ಲೋಹದ ವಸ್ತುವನ್ನು ಮಾತ್ರ ಮುಟ್ಟಕೂಡದು. ರಾಕೆಟ್ಟಿನ ತೊಟ್ಟಿಗಳಲ್ಲಿ ವಿಷಕಾರಿ ಇಂಧನ ಉಳಿದಿರಬಹುದು.

ಕೋಜಾಗಿರಿಯ ರಾತ್ರಿ ಹಸಿರು ಚುಕ್ಕೆಯ ಗುಟ್ಟು ಬಯಲಾದಾಗ ಆ ಹುಡುಗನ ಮುಖ ಬಾಡಿತ್ತು. ಎಲ್ಲರೂ ನಕ್ಕದ್ದು ನಮ್ಮಿಂದಾದ ತಪ್ಪು. ‘ಹಾಗಾದರೆ ಅಲ್ಲಿ ಯಾರೂ ಇಲ್ಲವೆ?’ ಎಂದು ಅವನು ಕೇಳಿದ ಪ್ರಶ್ನೆಗೆ ಉತ್ತರವಾಗಿಯೇ ನಾನು ಬಲೂನಿನ ಕಥೆಯನ್ನು ಹೇಳಿದ್ದು. 2025ರ ಜನವರಿಯ ಒಂದು ಸಂಜೆ ಅವನು ಎರಡು ಚಿತ್ರಗಳನ್ನು ತಂದು ತೋರಿಸಿದ. ಒಂದು ನಮ್ಮ ಮಾಳಿಗೆಯಿಂದ ತಾನೇ ತೆಗೆದದ್ದು, ಇನ್ನೊಂದು ಧಾರವಾಡದಿಂದ ಅವನ ಸೋದರಮಾವನ ಮಗಳು ಅದೇ ನಿಮಿಷದಲ್ಲಿ ತೆಗೆದು ಕಳುಹಿಸಿದ್ದು. ಎರಡರಲ್ಲಿಯೂ ನೈಋತ್ಯ ದಿಕ್ಕಿನಲ್ಲಿ ಪ್ರಖರವಾದ ಒಂದು ಬೆಳಕು, ಅದರ ಪಕ್ಕದಲ್ಲಿ ಮಸುಕಾದ ಇನ್ನೊಂದು. ನಡುವಣ ಅಂತರ ಎರಡು ಚಿತ್ರಗಳಲ್ಲಿಯೂ ಒಂದೇ. ಕೆಳಗೆ ಪೆನ್ಸಿಲಿನಲ್ಲಿ ಸಮಯ, ದಿಕ್ಕು ಬರೆದು, ‘ಶುಕ್ರ, ಶನಿ’ ಎಂದು ಅವನೇ ಗುರುತು ಹಾಕಿದ್ದ.